ಮೊದಲು ಹಳಿ, ಆಮೇಲೆ ಓಣಿ

ಎಂ.ಸಿ.ಸಿ. ಬಿ ಬ್ಲಾಕ್‌ನ ಓದುಗರೊಬ್ಬರ ಪತ್ರ: "ಪಿ.ಬಿ. ರಸ್ತೆಯಲ್ಲಿ ನನ್ನ ಅಂಗಡಿ. ದಿನಾ ಗಾಂಧಿ ಸರ್ಕಲ್ ಹತ್ತಿರ ಸಿಕ್ಕಿಹಾಕಿಕೊಂಡು ಸಾಕಾಗಿದೆ. ದಾವಣಗೆರೆಯ ಒಳರಸ್ತೆಗಳ ಪಟ್ಟಿ ಹಾಕಿ. ಕಾರು ಮಾರಿ ಸ್ಕೂಟರ್ ತಗೊಳ್ಳಲೋ ಹೇಗೆ, ಅದನ್ನೂ ಹೇಳಿ."

ಪಟ್ಟಿ ಹಾಕುವುದಿಲ್ಲ ಸ್ವಾಮಿ. ಹಾಕಿದರೆ ಮುಂದಿನ ವಾರ ಆ ಓಣಿಯವರು ನಮ್ಮ ಆಫೀಸಿನ ಮುಂದೆ ನಿಲ್ಲುತ್ತಾರೆ. ಆದರೆ ಹುಡುಕುವ ದಾರಿ ಹೇಳುತ್ತೇನೆ.

ಬೆಂಗಳೂರು–ಹುಬ್ಬಳ್ಳಿ ರೈಲು ಮಾರ್ಗ ನಮ್ಮೂರಿನ ನಡುವೆಯೇ ಹಾದುಹೋಗುತ್ತದೆ. ಆಚೆ ಪಿ.ಬಿ. ರಸ್ತೆ, ಈಚೆ ನಿಮ್ಮ ಬ್ಲಾಕು. ಎಷ್ಟೇ ಚೆಂದದ ಓಣಿ ಹಿಡಿದರೂ ಕೊನೆಗೆ ಹಳಿ ದಾಟಲೇಬೇಕು, ದಾಟುವ ಜಾಗ ಕೆಲವೇ. 1997ರಲ್ಲಿ ಜಿಲ್ಲೆಯಾಯಿತು, ಊರು ಬೆಳೆಯಿತು, ಈ ಜಾಗಗಳು ಮಾತ್ರ ಅದೇ ಲೆಕ್ಕದಲ್ಲಿ ಬೆಳೆಯಲಿಲ್ಲ. ಅಶೋಕ ರಸ್ತೆ ರೈಲ್ವೆ ಗೇಟಿನ ಕಥೆ ನಿಮಗೆ ನಾನು ಹೇಳಬೇಕಾ? ಹಾಗಾಗಿ ಎಲ್ಲಿ ದಾಟುವುದು ಅಂತ ಮನೆಯಲ್ಲೇ ನಿಶ್ಚಯಿಸಿ, ಆಮೇಲೆ ಅಲ್ಲಿಗೆ ಮುಟ್ಟಿಸುವ ಒಳರಸ್ತೆ ಹುಡುಕಿ. ಸ್ವಲ್ಪ ಸುತ್ತಾದರೂ ಸುಮ್ನೆ ನಿಂತಿರುವುದಕ್ಕಿಂತ ವಾಸಿ. ಜೋರು ಮಳೆ ಬಂದ ದಿನ ಮಾತ್ರ ಲೆಕ್ಕ ಉಲ್ಟಾ, ಕೆಳಸೇತುವೆಯಲ್ಲಿ ನೀರು ನಿಂತಿರುತ್ತದೆ.

ಪಿ.ಜೆ. ಬಡಾವಣೆ ನಿಮಗೆ ಅನುಕೂಲ. ಅಲ್ಲಿ ಮೇನು, ಕ್ರಾಸು ಎಲ್ಲಾ ಗೆರೆ ಎಳೆದ ಹಾಗಿವೆ, ಒಂದು ತುಂಬಿದ್ದರೆ ಪಕ್ಕದ್ದಕ್ಕೆ ಜಾರಿಕೊಳ್ಳಬಹುದು. ಹಳೇ ಪೇಟೆಯಲ್ಲಿ ಈ ಆಟ ನಡೆಯಲ್ಲ. ಮಂಡಿಪೇಟೆ, ಚೌಕಿಪೇಟೆ ಕಡೆ ಎದುರಿಗೆ ಒಂದು ಲಗೇಜ್ ಆಟೊ ನಿಂತು ಹಮಾಲರು ಮೂಟೆ ಇಳಿಸುತ್ತಿದ್ದರೆ ಹಿಂದಕ್ಕೂ ಇಲ್ಲ, ಮುಂದಕ್ಕೂ ಇಲ್ಲ, ನೀವು ಹಾರ್ನ್ ಹೊಡೆದಿರಿ ಅಂತ ಮೂಟೆಯೇನೂ ಬೇಗ ಇಳಿಯುವುದಿಲ್ಲ. ಸಂಜೆ ಹೊತ್ತು ರಾಮ್ ಅಂಡ್ ಕೋ ಸರ್ಕಲ್ ಕಡೆಯಿಂದ ನುಸುಳುವ ಯೋಚನೆಯೂ ಬೇಡ. ಅಲ್ಲಿ ಟ್ರಾಫಿಕ್‌ಗಿಂತ ಜಾಸ್ತಿ ಹೊತ್ತು ತಿನ್ನುವುದು ಮಂಡಕ್ಕಿ ಮಿರ್ಚಿ (ಸ್ವಂತ ಅನುಭವ).

ಫೋನಿನ ಮ್ಯಾಪ್ ತೋರಿಸಿತು ಅಂತ ಕಣ್ಣುಮುಚ್ಚಿ ನುಗ್ಗಬೇಡಿ. ಇವತ್ತು ಬೆಳಗ್ಗೆ ಯಾರ ಮನೆ ಮುಂದೆ ಶಾಮಿಯಾನ ಹಾಕಿದ್ದಾರೆ ಅಂತ ಅದಕ್ಕೆ ಹೇಗೆ ಗೊತ್ತಾಗಬೇಕು? ಗಣೇಶನ ಹಬ್ಬದಲ್ಲಂತೂ ಅರ್ಧ ಓಣಿ ಪೆಂಡಾಲಿನ ಪಾಲು. ಓಣಿಯ ತುದಿಯಲ್ಲಿ ಕಿರಾಣಿ ಅಂಗಡಿ ಇದ್ದೇ ಇರುತ್ತದೆ ಅಲ್ವಾ, ಅಲ್ಲಿ ಕೇಳಿ. ಮತ್ತೆ, ನಿಮಗದು ಅಡ್ಡದಾರಿ ಆದರೂ ಅಲ್ಲಿರುವವರಿಗೆ ಮನೆ ಅಂಗಳ. ಮಕ್ಕಳು ಕ್ರಿಕೆಟ್ ಆಡುತ್ತಿರುತ್ತಾರೆ, ಯಾರೋ ಸಂಡಿಗೆ ಒಣಹಾಕಿರುತ್ತಾರೆ. 20ರ ಮೇಲೆ ಓಡಿಸಬೇಡಿ. ಅಷ್ಟು ತಾಳ್ಮೆ ಇಲ್ಲದಿದ್ದರೆ ದೊಡ್ಡ ರಸ್ತೆಯಲ್ಲೇ ಇರಿ.

ಇನ್ನು ಕಾರಿನ ವಿಷಯ. ಅಂಗಡಿಗೆ ಸ್ಕೂಟರೇ ಸರಿ, ಪಾರ್ಕಿಂಗ್ ಹುಡುಕುವ ಗೋಳೂ ತಪ್ಪುತ್ತದೆ. ಆದರೆ ಕಾರು ಮಾರುವ ಮುಂಚೆ ಮನೆಯವರನ್ನು ಒಂದು ಮಾತು ಕೇಳಿ. ಭಾನುವಾರ ಕೊಂಡಜ್ಜಿ ಕೆರೆಗೋ ಹರಿಹರದ ಗುಡಿಗೋ ಎಲ್ಲರೂ ಹೊರಟರೆ ಸ್ಕೂಟರ್ ಮೇಲೆ ಎಷ್ಟು ಜನ ಕೂರುತ್ತೀರಿ?