ಕೇಸ್ ಶೀಟಿನಲ್ಲಿ ‘ಸ್ಕಿಡ್ ಆಗಿ ಬಿದ್ದ’ ಎಂದಿದೆ, ಪರಿಹಾರ ಸಿಗುತ್ತದೆಯೇ?

ಪ್ರಶ್ನೆ: ಎರಡು ತಿಂಗಳ ಹಿಂದೆ ನಾಯಂಡಹಳ್ಳಿ ಬಳಿ ನನ್ನ ತಮ್ಮನ ಬೈಕಿಗೆ ಕಾರು ಗುದ್ದಿತು. ಮೊಣಕಾಲ ಕೆಳಗಿನ ಮೂಳೆ ಮುರಿದು ಪ್ಲೇಟ್ ಹಾಕಿದ್ದಾರೆ. ವಯಸ್ಸು 32, ಪೇಂಟಿಂಗ್ ಕೆಲಸ. ಆಪರೇಷನ್ ಗಡಿಬಿಡಿಯಲ್ಲಿ ಐದು ದಿನ ತಡವಾಗಿ ದೂರು ಕೊಟ್ಟೆವು. ಆಸ್ಪತ್ರೆಯವರು ‘ಸ್ಕಿಡ್ ಆಗಿ ಬಿದ್ದ’ ಎಂದು ಬರೆದಿದ್ದಾರೆ. ಕಾರಿನವರು 50,000 ರೂಪಾಯಿಗೆ ರಾಜಿ ಅನ್ನುತ್ತಿದ್ದಾರೆ. ಏನು ಮಾಡಲಿ?
– ಓದುಗರು, ಬೆಂಗಳೂರು

ಉತ್ತರ: ದಯವಿಟ್ಟು ರಾಜಿ ಪತ್ರಕ್ಕೆ ಸಹಿ ಹಾಕಬೇಡಿ. ಕಾರಿಗೆ ವಿಮೆ ಚಾಲ್ತಿಯಲ್ಲಿದ್ದರೆ ಪರಿಹಾರ ಕಟ್ಟುವುದು ಸಾಮಾನ್ಯವಾಗಿ ವಿಮಾ ಕಂಪನಿ.

ಐದು ದಿನದ ತಡಕ್ಕೆ ಹೆದರಬೇಡಿ. ಕಾರಣ ನಂಬುವಂತಿದ್ದರೆ ಅದೊಂದರಿಂದಲೇ ಕೇಸು ಬೀಳದು ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ನಿಜವಾದ ತೊಡಕು ಆ ‘ಸ್ಕಿಡ್’ ಪದ. ತಾನೇ ಬಿದ್ದ, ಕಾರು ತಾಗಿಯೇ ಇಲ್ಲ ಎಂದು ವಿಮಾ ಕಂಪನಿ ವಾದಿಸುತ್ತದೆ. ಹಾಗೆಂದು ಕೇಸ್ ಶೀಟ್ ತಿದ್ದಿಸಲು ಹೋಗಬೇಡಿ. ಹೊಡೆದು ಬರೆದ ಒಂದೇ ಒಂದು ಸಾಲು ಇಡೀ ದಾಖಲೆಯನ್ನು ಅನುಮಾನಕ್ಕೆ ತಳ್ಳುತ್ತದೆ. ಆಸ್ಪತ್ರೆಯ ಎಂಎಲ್‌ಸಿ (ಪೊಲೀಸರಿಗೆ ತಿಳಿಸಬೇಕಾದ ಗಾಯದ ಪ್ರಕರಣಗಳ) ರಿಜಿಸ್ಟರಿನ ದೃಢೀಕೃತ ನಕಲು ಪಡೆದು, ಕರೆತಂದವರು ಯಾರು, ವಿವರ ಹೇಳಿದವರು ಯಾರು ನೋಡಿ. ಹೇಳಿದವರು ಅಪಘಾತವನ್ನೇ ಕಂಡಿರದಿದ್ದರೆ ಅದನ್ನು ಸಾಕ್ಷ್ಯದಲ್ಲಿ ತರಿಸಬೇಕು. ಸಂಚಾರ ಠಾಣೆಯಿಂದ ಎಫ್‌ಐಆರ್, ಸ್ಥಳ ಮಹಜರು, ಸ್ಕೆಚ್, ಐಎಂವಿ ವರದಿ (ಮೋಟಾರು ವಾಹನ ನಿರೀಕ್ಷಕರು ವಾಹನಗಳ ಹಾನಿ ನೋಡಿ ಕೊಡುವ ವರದಿ) ತೆಗೆದುಕೊಳ್ಳಿ. ಬೈಕಿನ ಬಲ ಫುಟ್‌ರೆಸ್ಟ್ ಒಳಕ್ಕೆ ಮಡಚಿ, ಕಾರಿನ ಎಡ ಬಂಪರ್ ಅದೇ ಎತ್ತರದಲ್ಲಿ ನಜ್ಜುಗುಜ್ಜಾಗಿದ್ದರೆ ‘ಸ್ಕಿಡ್’ ವಾದ ಸಡಿಲವಾಗುತ್ತದೆ. ಹತ್ತಿರದ ಅಂಗಡಿಗಳ ಸಿಸಿಟಿವಿ ದೃಶ್ಯ ಬೇಗ ಅಳಿಸಿಹೋಗುತ್ತದೆ. ಇನ್ನೂ ಉಳಿದಿದೆಯೇ ಇವತ್ತೇ ವಿಚಾರಿಸಿ.

ಅಪಘಾತದ ದಿನದಿಂದ 6 ತಿಂಗಳೊಳಗೆ ಮೋಟಾರು ವಾಹನ ಕಾಯ್ದೆಯ 166ನೇ ಕಲಮಿನಡಿ ಅರ್ಜಿ ಹಾಕಿ. ಬೆಂಗಳೂರಿನಲ್ಲಿ ಇದನ್ನು ನಡೆಸುವುದು ಸ್ಮಾಲ್ ಕಾಸಸ್ ಕೋರ್ಟ್.

ಮೊತ್ತದ ಅಂದಾಜು ಹೀಗೆ. ತಿಂಗಳಿಗೆ 18,000 ಸಂಪಾದನೆ, ಕಾಲಿನ ಅಂಗವೈಕಲ್ಯ ಶೇ 30 ಎಂದಿಟ್ಟುಕೊಳ್ಳಿ. ನಮ್ಮಲ್ಲಿ ಸಾಮಾನ್ಯವಾಗಿ ಅದರ ಮೂರನೇ ಒಂದು ಭಾಗ, ಅಂದರೆ ಶೇ 10ನ್ನು ಇಡೀ ದೇಹಕ್ಕೆ ಹಿಡಿಯುತ್ತಾರೆ. ವರ್ಷದ ನಷ್ಟವನ್ನು ವಯಸ್ಸಿಗೆ ತಕ್ಕ ಗುಣಕದಿಂದ ಗುಣಿಸುತ್ತಾರೆ; 32 ವಯಸ್ಸಿಗೆ ಅದು 16. ಮುಂದಿನ ದುಡಿಮೆಯ ನಷ್ಟದ ಲೆಕ್ಕ (18,000 × 12 × 16ರ ಶೇ 10) 3,45,600 ರೂಪಾಯಿಗೆ ಬರುತ್ತದೆ. ಆಸ್ಪತ್ರೆ ಬಿಲ್ಲು, ಮಲಗಿದ್ದ ತಿಂಗಳುಗಳ ಕೂಲಿ, ನೋವಿನ ಪರಿಹಾರ, ಬಡ್ಡಿ ಬೇರೆ. ಏಣಿ ಹತ್ತಲಾಗದ ಪೇಂಟರಿಗೆ ದುಡಿಮೆಯ ನಷ್ಟ ಶೇ 10ಕ್ಕಿಂತ ಹೆಚ್ಚು ಎಂದು ಬಲವಾಗಿ ವಾದಿಸಬಹುದು. ಕೆಲಸ ಕೊಡುವ ಕಂಟ್ರಾಕ್ಟರ್ ಬಂದು ಸಾಕ್ಷಿ ಹೇಳಲಿ.

ಪ್ಲೇಟ್ ತೆಗೆಸುವ ಖರ್ಚಿನ ಅಂದಾಜನ್ನೂ ವೈದ್ಯರಿಂದ ಈಗಲೇ ಬರೆಸಿಕೊಳ್ಳಿ. ತೀರ್ಪಾದ ಮೇಲೆ ಅದಕ್ಕೆಂದು ಇನ್ನೊಂದು ಅರ್ಜಿ ಹಾಕಲು ಬರುವುದಿಲ್ಲ.