ಸ್ಯಾಂಟೊರಿನಿಯಲ್ಲಿ ಎರಡೇ ದಿನ ಇರುವವರು ವೈನರಿಗೆ ಹೋಗಬೇಕಾ?

ಗ್ರೀಸ್‌ನ ಸ್ಯಾಂಟೊರಿನಿ ದ್ವೀಪದಲ್ಲಿ ಆಗಸ್ಟ್ ಮಧ್ಯದಲ್ಲಿ ಎರಡೇ ದಿನ ಇರುತ್ತೇವೆ, ವೈನ್ ತಯಾರಿಸುವ ವೈನರಿಗೆ ಹೋಗಬೇಕಾ ಅಂತ ಕೇಳಿದ್ದೀರಿ. ಗಂಡ ಹೆಂಡತಿ ಇಬ್ಬರೂ ಸಸ್ಯಾಹಾರಿಗಳು, ವೈನ್ ಬಗ್ಗೆ ಏನೂ ಗೊತ್ತಿಲ್ಲ ಅಂತಲೂ ಬರೆದಿದ್ದೀರಿ. ಆದರೂ ಖಂಡಿತ ಹೋಗಿ. ಅರ್ಧ ದಿನ ಇದಕ್ಕೇ ಅಂತ ಇಡಿ. ಆದರೆ ಗ್ಲಾಸ್ ಹಿಡಿಯುವ ಮೊದಲು ತೋಟದೊಳಗೆ ಕಾಲಿಡಿ.

ನಮ್ಮದು ವಿಜಯಪುರದ ತಿಕೋಟಾ ಕಡೆ. ಮನೆಯಲ್ಲಿ ದ್ರಾಕ್ಷಿ ಪಡ ಇದೆ, ಚಪ್ಪರದ ನೆರಳಲ್ಲೇ ಆಡಿ ಬೆಳೆದಿದ್ದೇನೆ. ಆದರೂ ಸ್ಯಾಂಟೊರಿನಿಯಲ್ಲಿ ಬಸ್ಸಿನಿಂದ ನೋಡಿದಾಗ ದ್ರಾಕ್ಷಿ ತೋಟ ಎಲ್ಲಿದೆ ಅಂತ ನನಗೆ ತಿಳಿಯಲೇ ಇಲ್ಲ. ಬೂದಿ ಬಣ್ಣದ ನೆಲ, ಅಲ್ಲಲ್ಲಿ ಗಿಡ್ಡ ಪೊದೆ, ಅಷ್ಟೇ. ಇಳಿದು ಹೋಗಿ ಬಗ್ಗಿ ನೋಡಿದೆ. ತಲೆ ಮೇಲೆ ಕೊಡ ಹೊರಲು ಸಿಂಬಿ ಸುತ್ತುತ್ತಾರಲ್ವಾ, ಹಾಗೆ ಬಳ್ಳಿಯನ್ನೇ ಸುತ್ತಿ ಸುತ್ತಿ ನೆಲಕ್ಕೆ ಕೂರಿಸಿದ್ದರು. ಗೊನೆಗಳೆಲ್ಲ ಆ ಸಿಂಬಿಯ ಒಳಗೆ! ಇದಕ್ಕೆ ಅಲ್ಲಿ ಕೂಲೂರಾ ಅನ್ನುತ್ತಾರೆ. ಏಜಿಯನ್ ಸಮುದ್ರದ ಗಾಳಿ ಅಲ್ಲಿ ಚಪ್ಪರ ನಿಲ್ಲಲು ಬಿಡುವುದಿಲ್ಲ. ಗಾಳಿ, ಬಿಸಿಲು, ಹಾರುವ ಮರಳು ಮೂರರಿಂದಲೂ ಹಣ್ಣನ್ನು ಬಳ್ಳಿಯೇ ಕಾಯಬೇಕು. ಬೇಸಿಗೆಯಲ್ಲಿ ಮಳೆ ಇಲ್ಲವೆಂದೇ ಹೇಳಬೇಕು. ರಾತ್ರಿ ಸಮುದ್ರದಿಂದ ಬರುವ ತೇವವನ್ನು ಪ್ಯೂಮಿಸ್ ಎಂಬ ತೂತುತೂತಿನ ಹಗುರ ಕಲ್ಲು ಹೀರಿಕೊಳ್ಳುತ್ತದೆ. ಹಳೆಯ ಬಳ್ಳಿಗಳು ಬದುಕಿರುವುದು ಆ ತೇವದಿಂದಲೇ.

ಆ ನೆಲದ ಕಥೆ ಇನ್ನೂ ದೊಡ್ಡದು. ಸುಮಾರು 3,600 ವರ್ಷಗಳ ಹಿಂದೆ ಜ್ವಾಲಾಮುಖಿ ಸಿಡಿದು ದ್ವೀಪದ ನಡುಭಾಗವೇ ಕುಸಿಯಿತು. ಉಳಿದದ್ದರ ಮೇಲೆ ಬೂದಿ ಬಿತ್ತು. ಆ ಮಣ್ಣಿನಲ್ಲಿ ಜೇಡಿ ಅಂಶ ಇಲ್ಲವೆನ್ನುವಷ್ಟು ಕಡಿಮೆ. 19ನೇ ಶತಮಾನದಲ್ಲಿ ಫಿಲಾಕ್ಸೆರಾ ಎಂಬ ಹುಳ ಯುರೋಪಿನ ದ್ರಾಕ್ಷಿ ಬೇರುಗಳನ್ನು ತಿಂದು ಹಾಕಿತು. ಆಮೇಲೆ ಬಹುತೇಕ ಎಲ್ಲರೂ ಅಮೆರಿಕದ ಬೇರಿನ ಮೇಲೆ ಕಸಿ ಕಟ್ಟಬೇಕಾಯಿತು. ಆದರೆ ಅಷ್ಟಾಗಿ ಜೇಡಿ ಇಲ್ಲದ ಸ್ಯಾಂಟೊರಿನಿಯ ಬೂದಿ ಮಣ್ಣಿನಲ್ಲಿ ಆ ಹುಳ ಬದುಕಲಿಲ್ಲ. ಹಾಗಾಗಿ ಅಲ್ಲಿನ ಬಳ್ಳಿ ಇಂದಿಗೂ ಸ್ವಂತ ಬೇರಿನ ಮೇಲಿದೆ. ಇಳುವರಿ ಕುಗ್ಗಿದರೆ ಸಿಂಬಿಯನ್ನು ಕಡಿದು ಅದೇ ಬೇರಿನಿಂದ ಹೊಸ ಚಿಗುರು ತೆಗೆಯುತ್ತಾರೆ. ಕೆಲವು ಬೇರುಗಳಿಗೆ ನೂರಾರು ವರ್ಷ. ನಮ್ಮ ಪಡದಲ್ಲಿ ಎಲ್ಲವೂ ಡಾಗ್‌ರಿಡ್ಜ್ ಎಂಬ ತಳಿಯ ಬೇರಿನ ಮೇಲಿನ ಕಸಿ, ಅದೂ 15 ವರ್ಷಕ್ಕೆ ಕಿತ್ತು ಹೊಸದು ಹಚ್ಚಿದ್ದೇವೆ. ಅಲ್ಲಿ ನಿಂತಾಗ ನಿಜಕ್ಕೂ ಮೈ ಜುಮ್ ಎಂದಿತು.

ಕುಡಿಯುವ ವಿಷಯಕ್ಕೆ ಬಂದರೆ, ಮುಖ್ಯ ತಳಿ ಅಸಿರ್ಟಿಕೊ, ಬಿಳಿ ದ್ರಾಕ್ಷಿ. ಅಷ್ಟು ಬಿಸಿಲಲ್ಲೂ ಅದರ ಹುಳಿ ಇಳಿಯುವುದಿಲ್ಲ. ವೈನ್‌ನಲ್ಲಿ ಸಿಹಿ ಇಲ್ಲ. ನಿಂಬೆಯ ಹಾಗೆ ಚುರುಕು, ಕೊನೆಗೆ ನಾಲಿಗೆ ಮೇಲೆ ಚೂರು ಉಪ್ಪು. ಮೊದಲ ಗುಟುಕಿಗೆ ಹಿಡಿಸದೆ ಹೋಗಬಹುದು. ಆಗ ಫಾವಾ ತರಿಸಿಕೊಳ್ಳಿ. ಅದು ದ್ವೀಪದಲ್ಲೇ ಬೆಳೆಯುವ ಹಳದಿ ಬೇಳೆಯ ಗಟ್ಟಿ ತೊವ್ವೆ. ಜೊತೆಗೆ ಟೊಮೆಟೊ ಭಜಿ. ಎರಡೂ ಸಸ್ಯಾಹಾರ. ತೊವ್ವೆಗೆ ನಿಂಬೆ ಹಿಂಡಿದರೆ ಹೇಗೋ, ಆ ವೈನ್ ಅದಕ್ಕೆ ಹಾಗೆ ಹೊಂದುತ್ತದೆ.

ಎಲ್ಲಿಗೆ ಹೋಗಬೇಕು? ಬಹಳ ಜನ ಸೂರ್ಯಾಸ್ತ ನೋಡಲು ಸ್ಯಾಂಟೊ ವೈನ್ಸ್‌ಗೆ ಹೋಗುತ್ತಾರೆ. ರೈತರ ಸಹಕಾರ ಸಂಘದ್ದು, 1947ರಲ್ಲಿ ಶುರುವಾದದ್ದು. ನೋಟ ಚೆನ್ನಾಗಿದೆ, ಜನಜಂಗುಳಿಯೂ ಜಾಸ್ತಿ. ನನ್ನ ಮಾತು ಕೇಳಿದರೆ ಬೆಳಗ್ಗೆ ಎಪಿಸ್ಕೋಪಿ ಗೊನಿಯಾ ಎಂಬ ಊರಿನ ಆರ್ಗಿರೋಸ್ ವೈನರಿಗೆ ಹೋಗಿ. 1903ರಿಂದ ಒಂದೇ ಮನೆತನದ್ದು, ಸುತ್ತಲೂ ತೋಟ. ಸಮಯವಿದ್ದರೆ ಬಂದರಿನ ಮೇಲಿರುವ ವೆನೆಟ್ಸಾನೋಸ್ ಕೂಡ ನೋಡಿ. ಕರೆಂಟ್ ಇಲ್ಲದ ಕಾಲದಲ್ಲಿ ಗುಡ್ಡದ ಇಳಿಜಾರಿಗೆ ಕಟ್ಟಿದ್ದು. ಮೇಲಿನ ಅಂತಸ್ತಿನಲ್ಲಿ ಹಣ್ಣು ಹಾಕಿದರೆ ರಸ ತಾನೇ ಕೆಳಗಿಳಿಯುತ್ತಿತ್ತು. ಎರಡಕ್ಕಿಂತ ಜಾಸ್ತಿ ಬೇಡ, ಮೊದಲೇ ಬುಕ್ ಮಾಡಿ. ಓಡಾಟಕ್ಕೆ ಬಸ್ಸೋ ಟ್ಯಾಕ್ಸಿಯೋ ಹಿಡಿಯಿರಿ, ಗಾಡಿ ಬಾಡಿಗೆಗೆ ತೆಗೆದುಕೊಳ್ಳಬೇಡಿ.

ನೀವು ಹೋಗುವುದು ಸುಗ್ಗಿಯ ಹೊತ್ತು. ಹಾಗಾಗಿ ಗೊನೆಗಳನ್ನು ಬಯಲಲ್ಲಿ ಬಿಸಿಲಿಗೆ ಹರಡಿರುವುದೂ ಕಾಣಬಹುದು. ಅದು ವಿನ್‌ಸಾಂಟೊ ಎಂಬ ಸಿಹಿ ವೈನ್‌ಗೆ. ಸುಮಾರು ಎರಡು ವಾರ ಒಣಗಿಸಿ, ರಸ ಹಿಂಡಿ, ಓಕ್ ಪೀಪಾಯಿಯಲ್ಲಿ ಕಡಿಮೆಯೆಂದರೂ ಎರಡು ವರ್ಷ ಇಡುತ್ತಾರೆ. ನಾವು ಒಣದ್ರಾಕ್ಷಿಯನ್ನು ಶೆಡ್ಡಿನ ನೆರಳಲ್ಲಿ, ಬಲೆಯ ಮೇಲೆ ಒಣಗಿಸುತ್ತೇವೆ. ಅವರದು ನೇರ ಬಿಸಿಲು.

ಬಾಟಲಿ ಬೆಲೆ ಜಾಸ್ತಿ ಅನ್ನಿಸುತ್ತದೆ. ಆದರೆ ಕೆಲಸವೆಲ್ಲ ಮಂಡಿಯೂರಿ ಕೈಯಲ್ಲೇ ಆಗಬೇಕು, ಇಳುವರಿ ತೀರಾ ಕಡಿಮೆ. ತೋಟದ ಜಾಗಕ್ಕೆ ಹೋಟೆಲ್ ಕಟ್ಟುವವರ ಪೈಪೋಟಿ ಬೇರೆ. ಅಂಥ ಬಳ್ಳಿ ಒಮ್ಮೆ ಕಿತ್ತರೆ ಮುಗಿಯಿತು. ಆ ರೈತರಿಗೆ ಸಿಗುವ ದುಡ್ಡು ನನಗೆ ದುಬಾರಿ ಅನ್ನಿಸಲಿಲ್ಲ.

ಭಾರತಕ್ಕೆ ಮರಳುವಾಗ ಒಬ್ಬರು ಸುಂಕವಿಲ್ಲದೆ 2 ಲೀಟರ್ ವೈನ್ ತರಬಹುದು. ಒಂದು ಚಿಕ್ಕ ವಿನ್‌ಸಾಂಟೊ ತನ್ನಿ. ನಾನು ತಂದಿದ್ದನ್ನು ಅಪ್ಪ ಒಂದು ಚಮಚದಷ್ಟು ಬಾಯಿಗೆ ಹಾಕಿಕೊಂಡು, "ಇದು ನಮ್ಮ ಒಣದ್ರಾಕ್ಷಿನೇ ಅಲ್ಲೇನು?" ಅಂದರು.