ನಾಲ್ಕನೇ ಸಾಲಿನಿಂದ ಶುರು ಮಾಡಿ

ನಮಸ್ಕಾರ,

ರೋಮಿನ ವಿಜಯ ಕಮಾನುಗಳ ಬಗ್ಗೆ ನೀವು ಕಳಿಸಿದ ಲೇಖನ ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಕೈಬಿಡಲೂ ಮನಸ್ಸು ಒಪ್ಪುತ್ತಿಲ್ಲ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲ ಮೂರು ಪುಟ ಬರೀ ಎತ್ತರ, ಅಗಲ, ಕಂಬಗಳ ಲೆಕ್ಕ. 'ಭವ್ಯ' ಎಂಬ ಪದ ಹನ್ನೊಂದು ಸಲ ಬಂದಿದೆ. ಕಮಾನು ಕಟ್ಟಿಸಿದವರು ನೋಡುವವರ ಬಾಯಲ್ಲಿ ಹೇಳಿಸಬೇಕೆಂದಿದ್ದೂ ಅದೇ ಮಾತು. ಆ ಪುಟಗಳನ್ನು ತೆಗೆದುಬಿಡಿ.

ಒಂದು ತಪ್ಪೂ ಇದೆ. ಮುಂದೆ ಚಕ್ರವರ್ತಿಯಾದ ಸೇನಾಪತಿ ಟೈಟಸ್ ತನ್ನ ಕಮಾನಿನ ಕೆಳಗೆ ಮೆರವಣಿಗೆಯಲ್ಲಿ ಬಂದ ಎಂದಿದ್ದೀರಿ. ಯೆಹೂದ್ಯರ ಜೆರುಸಲೇಮ್ ಅವನ ಸೇನೆಯ ಕೈಗೆ ಬಿದ್ದದ್ದು ಕ್ರಿ.ಶ. 70ರಲ್ಲಿ, ಆ ಗೆಲುವಿನ ಮೆರವಣಿಗೆ 71ರಲ್ಲಿ. ಹಳೆಯ ರೋಮಿನ ನಡುಚೌಕವಾದ ಫೋರಮ್ಮಿನ ಅಂಚಿನಲ್ಲಿ ಇಂದು ನಾವು ನೋಡುವ ಕಮಾನು ಎದ್ದದ್ದು 81ರಲ್ಲಿ ಅವನು ತೀರಿಕೊಂಡ ಮೇಲೆ, ತಮ್ಮ ಡೊಮಿಷಿಯನ್ನನ ಕಾಲದಲ್ಲಿ. ಅದರಡಿ ನಿಂತು ತಲೆಯೆತ್ತಿದರೆ ಟೈಟಸ್ಸನನ್ನು ಹದ್ದೊಂದು ಸ್ವರ್ಗಕ್ಕೆ ಒಯ್ಯುತ್ತಿರುವುದು ಕಾಣುತ್ತದೆ. ಪಕ್ಕದ ಗೋಡೆಯಲ್ಲಿ ಹೆಗಲ ಮೇಲೆ ಹೊತ್ತು ತರುತ್ತಿರುವ ಏಳು ಕವಲಿನ ದೀಪಸ್ತಂಭವನ್ನು 'ಸುಂದರ ಕೆತ್ತನೆ' ಎಂದಷ್ಟೇ ಬರೆದು ಬಿಟ್ಟಿದ್ದೀರಿ. ಅದು ಯೆಹೂದ್ಯರ ದೇವಾಲಯದಿಂದ ದೋಚಿ ತಂದದ್ದು. ಓದುಗರಿಗೆ ಇದನ್ನು ಹೇಳದಿದ್ದರೆ ಹೇಗೆ?

ಇನ್ನು ಐದನೇ ಪುಟದ ನಡುವೆ ಒಂದು ವಾಕ್ಯವಿದೆ: 'ಸೆವೆರಸ್ ಕಮಾನಿನಿಂದ ಒಂದು ಹೆಸರನ್ನು ಮುಂದೆ ಅಳಿಸಿದರು.' ಇಷ್ಟು ಹೇಳಿ ಮುಂದೆ ಹೋಗಿದ್ದೀರಿ. ನಿಲ್ಲಬೇಕಾಗಿದ್ದು ಅಲ್ಲೇ! ಇರಾನಿನ ಕಡೆಯ ಪಾರ್ಥಿಯನ್ನರ ಮೇಲಿನ ಗೆಲುವಿಗಾಗಿ 203ರಲ್ಲಿ ನಿಂತ ಆ ಕಮಾನಿನ ಮೇಲೆ ಚಕ್ರವರ್ತಿ ಸೆಪ್ಟಿಮಿಯಸ್ ಸೆವೆರಸ್ಸನ ಜೊತೆ ಇಬ್ಬರು ಮಕ್ಕಳ ಹೆಸರೂ ಇದ್ದವು. 211ರಲ್ಲಿ ತಂದೆ ಸತ್ತ. ವರ್ಷ ಮುಗಿಯುವುದರೊಳಗೆ ಹಿರಿಯವ ಕ್ಯಾರಕಲ್ಲಾ ತಮ್ಮ ಗೇಟಾನನ್ನು ಕೊಲ್ಲಿಸಿದ, ಅವನ ಹೆಸರನ್ನೂ ಅಳಿಸಿಹಾಕಿಸಿದ. ಶಾಸನದ ನಾಲ್ಕನೇ ಸಾಲನ್ನು ಕೆತ್ತಿ ತೆಗೆದು ಆ ಜಾಗಕ್ಕೆ 'ಅತ್ಯುತ್ತಮ, ಅತಿ ಶೂರ ದೊರೆಗಳಿಗೆ' ಎಂಬ ಹೊಗಳಿಕೆ ತುಂಬಿದರು. ಅಕ್ಷರಗಳು ಕಂಚಿನವು, ಕಲ್ಲಿಗೆ ತೂತು ಕೊರೆದು ಕೂರಿಸಿದ್ದವು. ಹೊಸ ಅಕ್ಷರಗಳಿಗೆ ಹೊಂದದ ಹಳೆಯ ತೂತುಗಳು ಅಲ್ಲೇ ಉಳಿದವು. ಅವನ್ನು ಹಿಡಿದೇ ವಿದ್ವಾಂಸರು ಗೇಟಾನ ಹೆಸರನ್ನು ಮತ್ತೆ ಓದಿದ್ದಾರೆ.

ಕಮಾನು ಇರುವುದು ನೆನಪಿಗಾಗಿ ಎಂದು ಬರೆದಿದ್ದೀರಿ. ಯಾರ ನೆನಪು, ಯಾರನ್ನು ಅಳಿಸಿ ಎಂದು ಕೇಳಿಕೊಂಡು ಆ ತೂತುಗಳಿಂದ ಲೇಖನ ಶುರು ಮಾಡಿ. ಕಾನ್‌ಸ್ಟಂಟೈನ್ ತನಗಿಂತ ಹಿಂದಿನ ಚಕ್ರವರ್ತಿಗಳ ಶಿಲ್ಪಗಳನ್ನು ಮುಖ ತಿದ್ದಿ ತನ್ನ ಕಮಾನಿಗೆ ಬಳಸಿದ ಸಂಗತಿಯೂ ಆಗ ತಾನಾಗಿ ಜೊತೆಗೂಡುತ್ತದೆ. ನಾಲ್ಕು ಪುಟ ಸಾಕು. ತಿಂಗಳೊಳಗೆ ಕಳಿಸಿದರೆ ನಾನೇ ಮೊದಲು ಓದುತ್ತೇನೆ.